ಮಣಿ, ಮಡಕೆ, ಕಲ್ಲಿನ ಕರಡಿ: ನ್ಯೂ ಮೆಕ್ಸಿಕೋದ ಪ್ಯೂಬ್ಲೋ ಊರುಗಳಲ್ಲಿ

ಆಗಸ್ಟ್ 2, ಸಾಂತಾ ಫೆ

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಾಂತಾ ಫೆ ನಗರದ ಚೌಕದ ಉತ್ತರ ಬದಿಯನ್ನು ಪೂರ್ತಿ ಆವರಿಸಿರುವ ‘ಗವರ್ನರರ ಅರಮನೆ’ 1610ರ ಕಾಲದ್ದು. ಹೆಸರಿಗೆ ಅರಮನೆಯಾದರೂ ಅದು ಸ್ಪೇನಿನವರು ಹಸಿ ಇಟ್ಟಿಗೆಯಲ್ಲಿ ಕಟ್ಟಿ ಮಣ್ಣಿನ ಗಿಲಾವು ಕೊಟ್ಟ ಒಂದಂತಸ್ತಿನ ಕಟ್ಟಡ. ಅಲ್ಬುಕರ್ಕಿಯಲ್ಲಿರುವ ಮಗಳ ಮನೆಯಿಂದ ನಸುಕಿನಲ್ಲೇ ಹೊರಟು ನಾವು ಅಷ್ಟು ದೂರ ಹೋದದ್ದು ಆ ಕಟ್ಟಡಕ್ಕಾಗಿ ಅಲ್ಲ, ಅದರ ಮುಂದಿನ ಉದ್ದನೆಯ ಜಗಲಿಗಾಗಿ. ಪ್ರತಿದಿನ ಬೆಳಿಗ್ಗೆ ಪ್ಯೂಬ್ಲೋ, ನವಾಹೋ ಮತ್ತಿತರ ಮೂಲನಿವಾಸಿ ಕುಶಲಕರ್ಮಿಗಳು ಅಲ್ಲಿ ಸೇರುತ್ತಾರೆ. ಪ್ಯೂಬ್ಲೋ ಎಂಬುದು ಈ ನಾಡಿನ ಮೂಲನಿವಾಸಿ ಜನರ ಹೆಸರು, ಅವರ ಊರಿಗೂ ಅದೇ ಹೆಸರು. ಕುಳಿತು ಮಾರಲು 60ಕ್ಕೂ ಹೆಚ್ಚು ಜಾಗಗಳಿವೆ, ಆದರೆ ಪ್ರವಾಸಿಗಳ ಕಾಲದಲ್ಲಿ ಬರುವವರು ಅದಕ್ಕಿಂತ ಹೆಚ್ಚಾಗಿರುವುದರಿಂದ ಯಾರಿಗೆ ಜಾಗ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಚೀಟಿ ಒಲಿಯದಿದ್ದವರು ಗಂಟು ಕಟ್ಟಿಕೊಂಡು ಊರಿಗೆ ಮರಳಬೇಕಾಗುತ್ತದೆ.

ನೌಕರಿಯ ಅವಧಿಯುದ್ದಕ್ಕೂ ಕರಕುಶಲ ವಸ್ತುಗಳ ಮಾರಾಟ ಮಳಿಗೆಯೊಂದರ ಲೆಕ್ಕ ಬರೆದವನು ನಾನು. ಆದ್ದರಿಂದ ಸೊಗಸಾದ ವಸ್ತು ಕಂಡಾಗಲೆಲ್ಲ, ಇದರ ಬೆಲೆಯಲ್ಲಿ ಮಾಡಿದವನ ಕೈಗೆ ಎಷ್ಟು ಸೇರುತ್ತದೆ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಈ ಜಗಲಿಯ ನಿಯಮಗಳು ಆ ಪ್ರಶ್ನೆಗೆ ನೇರವಾದ ಉತ್ತರ ಕೊಡುತ್ತವೆ. ಇಲ್ಲಿ ಮಾರುವ ವಸ್ತುವನ್ನು ಮಾರುವವರೇ, ಇಲ್ಲವೇ ಅವರ ಮನೆಯವರು ಕೈಯಾರೆ ಮಾಡಿರಬೇಕು, ಅದರ ಮೇಲೆ ಮಾಡಿದವರ ಗುರುತು ಇರಬೇಕು, ಕಲ್ಲು ಮತ್ತು ಲೋಹ ಅಸಲಿಯಾಗಿರಬೇಕು. ನಡುವೆ ದಲ್ಲಾಳಿಯಿಲ್ಲ.

ಕೇವಾ ಎಂಬ ಪ್ಯೂಬ್ಲೋ ಊರಿನ ಹೆಂಗಸೊಬ್ಬರು ಕಪ್ಪು ಬಟ್ಟೆಯ ಮೇಲೆ ಹೀಶಿ ಎಂಬ ಸಣ್ಣ ಮಣಿಗಳ ಸರಗಳನ್ನು ಹರಡಿಕೊಂಡು ಕುಳಿತಿದ್ದರು. ಹಿಂದಿನ ದಿನ ಅವರಿಗೆ ಚೀಟಿ ಬಂದಿರಲಿಲ್ಲವಂತೆ. ಮಗಳು ಅವರನ್ನು ‘ಆಂಟಿ’ ಎಂದು ಮಾತನಾಡಿಸಿದಳು, ಆ ಕಡೆಯವರೂ ಹಿರಿಯ ಹೆಂಗಸರನ್ನು ಹಾಗೆಯೇ ಕರೆಯುವುದರಿಂದ ಮಾತು ಸಲೀಸಾಯಿತು. ಅವರು ಒಂದು ಸರವನ್ನು ನನ್ನ ಅಂಗೈಗೆ ಸುರಿದು ಬೆರಳಿನಿಂದ ಸವರಿ ನೋಡಲು ಹೇಳಿದರು. ಸಾಸಿವೆಗಿಂತ ಸ್ವಲ್ಪವೇ ದಪ್ಪವಾದ ಕಪ್ಪೆಚಿಪ್ಪಿನ ಬಿಲ್ಲೆಗಳು ಎಷ್ಟು ಒತ್ತಾಗಿ ಸೇರಿದ್ದವೆಂದರೆ ಬೆರಳಿಗೆ ಎಲ್ಲಿಯೂ ಅಂಚು ಸಿಗಲಿಲ್ಲ. ಚಿಪ್ಪನ್ನೋ ಟರ್ಕಾಯ್ಸ್ ಎಂಬ ನೀಲಿಹಸಿರು ಕಲ್ಲನ್ನೋ ಸಣ್ಣ ಚೂರುಗಳಾಗಿ ಕತ್ತರಿಸಿ, ಒಂದೊಂದಕ್ಕೂ ಬೈರಿಗೆಯಿಂದ ತೂತು ಕೊರೆದು, ತಂತಿಗೆ ಬಿಗಿಯಾಗಿ ಪೋಣಿಸಿ, ಆ ಇಡೀ ಸರವನ್ನು ಸಾಣೆಗೆ ಹಿಡಿದು ಉರುಳಿಸುತ್ತಾ ಹೋದರೆ ಎಲ್ಲ ಮಣಿಗಳೂ ಒಂದೇ ಸುತ್ತಳತೆಗೆ ಬರುತ್ತವೆ. ಮೊದಲು ಮರಳುಗಲ್ಲಿನ ಚಪ್ಪಡಿಯ ಮೇಲೆ ಕೈಯಿಂದಲೇ ಉಜ್ಜುತ್ತಿದ್ದರು, ಈಗ ಮೋಟಾರಿನ ಚಕ್ರವಿದೆ. ಅವರ ಮನೆಯಲ್ಲಿ ಕೊರೆಯುವುದು ಮಗ, ಉಜ್ಜುವುದು ಗಂಡ, ಪೋಣಿಸಿ ಮಾರುವುದು ಇವರು.

ಅವರ ಅಜ್ಜಿಯ ಕಾಲದ ಒಂದು ಹಾರವೂ ಅಲ್ಲಿತ್ತು, ಮಾರುವುದಕ್ಕಲ್ಲ, ತೋರಿಸುವುದಕ್ಕೆ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕಲ್ಲು ಕೊಳ್ಳಲು ದುಡ್ಡಿಲ್ಲದಾಗ ಕೇವಾದವರು ಹಳೆಯ ಕಾರು ಬ್ಯಾಟರಿಗಳ ಕಪ್ಪು ಪೆಟ್ಟಿಗೆಯನ್ನೂ ಒಡೆದ ಗ್ರಾಮಫೋನ್ ತಟ್ಟೆಗಳನ್ನೂ ಕತ್ತರಿಸಿ, ಅದರ ಮೇಲೆ ಟರ್ಕಾಯ್ಸ್ ಚೂರುಗಳನ್ನು ಅಂಟಿಸಿ ರೆಕ್ಕೆ ಬಿಚ್ಚಿದ ಹಕ್ಕಿಯ ಪದಕಗಳನ್ನು ಮಾಡಿ ಪ್ರವಾಸಿಗಳಿಗೆ ಮಾರಿದರು. ಅಂದು ಕೆಲವೇ ಡಾಲರಿಗೆ ಹೋದ ಆ ಪದಕಗಳನ್ನು ಇಂದು ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ನಾಳೆಯೂ ಇಲ್ಲೇ ಇರುತ್ತೀರಾ ಎಂದು ಕೇಳಿದಾಗ ಅವರು ತಲೆಯಾಡಿಸಿದರು. “ನಾಡಿದ್ದು ನಮ್ಮೂರ ಹಬ್ಬ. ನಾಳೆಯಿಡೀ ರೊಟ್ಟಿ ಸುಡುವ ಕೆಲಸವಿದೆ. ನೀವೂ ಬನ್ನಿ, ಊಟ ಮಾಡಿಕೊಂಡು ಹೋಗಿ” ಎಂದರು. ಪ್ರವಾಸಿಗಳಿಂದ ಊರು ಕಿಕ್ಕಿರಿಯುವ ವಾರದಲ್ಲಿ ಎರಡು ದಿನ ಅಂಗಡಿ ಹಚ್ಚದಿರುವುದು ವ್ಯಾಪಾರದ ದೃಷ್ಟಿಯಿಂದ ನಷ್ಟವೇ. ಅದನ್ನು ಅವರು ನಷ್ಟದ ಕಲಮಿಗೆ ಸೇರಿಸಿದಂತೆ ಕಾಣಲಿಲ್ಲ.

ಆಗಸ್ಟ್ 3, ಸಾನ್ ಇಲ್ಡೆಫಾನ್ಸೊ

ನ್ಯೂ ಮೆಕ್ಸಿಕೋದಲ್ಲಿ 19 ಪ್ಯೂಬ್ಲೋಗಳಿವೆ. ಅವುಗಳ ನಡುವೆ ಐದು ಭಾಷೆಗಳಿವೆ, ಪ್ರತಿಯೊಂದಕ್ಕೂ ತನ್ನದೇ ಆಡಳಿತವಿದೆ, ಹೆಚ್ಚಿನವಕ್ಕೆ ಒಬ್ಬ ಸಂತನ ಹೆಸರಿನ ಹಬ್ಬವಿದೆ. ಸಾಂತಾ ಫೆಯಿಂದ ವಾಯವ್ಯಕ್ಕೆ, ರಿಯೋ ಗ್ರಾಂಡೆ ನದಿಯ ಪಕ್ಕದಲ್ಲಿರುವ ಸಾನ್ ಇಲ್ಡೆಫಾನ್ಸೊ ಸಣ್ಣ ಊರು. ಮರಿಯಾ ಮಾರ್ಟಿನೆಜ್ ಎಂಬಾಕೆ 1887ರಲ್ಲಿ ಹುಟ್ಟಿ 1980ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ್ದು ಇಲ್ಲಿಯೇ ಎಂಬ ಕಾರಣಕ್ಕೆ ಇದರ ಹೆಸರು ಜಗತ್ತಿಗೆಲ್ಲ ಗೊತ್ತು.

ಮರಿಯಾ ಮತ್ತು ಅವರ ಪತಿ ಹೂಲಿಯನ್ 1919ರ ಹೊತ್ತಿಗೆ ಹೊಳೆಯುವ ಕಪ್ಪಿನ ಮೇಲೆ ಹೊಳಪಿಲ್ಲದ ಕಪ್ಪು ಚಿತ್ರವಿರುವ ಮಡಕೆಯ ವಿಧಾನವನ್ನು ಕಂಡುಕೊಂಡರು. ಹೆಂಡತಿ ಮಡಕೆಯನ್ನು ಕಟ್ಟಿ ಮೆರುಗು ಕೊಡುತ್ತಿದ್ದರು, ಗಂಡ ನೀರಹಾವು, ಗರಿಗಳ ಚಿತ್ರ ಬರೆಯುತ್ತಿದ್ದರು. ಬೇಡಿಕೆ ಹೆಚ್ಚಿದಾಗ ಆ ಗುಟ್ಟನ್ನು ಮನೆಯೊಳಗೆ ಬಚ್ಚಿಟ್ಟುಕೊಳ್ಳಬಹುದಿತ್ತು. ಮರಿಯಾ ಮಾಡಿದ್ದು ಅದಕ್ಕೆ ವಿರುದ್ಧ. ಊರಿನ ಇತರ ಹೆಂಗಸರಿಗೆ ಕಲಿಸಿದರು, ತಮ್ಮ ಹೆಸರಿಗೆ ಹೆಚ್ಚು ಬೆಲೆಯಿದೆಯೆಂದು ಗೊತ್ತಾದ ಮೇಲೆ ಬೇರೆಯವರ ಮಡಕೆಗಳ ತಳಕ್ಕೂ ತಮ್ಮ ಸಹಿ ಹಾಕಿಕೊಟ್ಟರು. ಕಲಾ ಮಾರುಕಟ್ಟೆಯ ಪರಿಣತರಿಗೆ ಇದು ಇಂದಿಗೂ ತಲೆನೋವು. ನನ್ನ ಮಟ್ಟಿಗೆ, ಸಹಿಯನ್ನು ಊರಿನ ಅಕ್ಕಿಡಬ್ಬಿಯಂತೆ ಬಳಸಿದ ಆ ತಾಯಿಯ ಲೆಕ್ಕ ಪರಿಣತರ ಲೆಕ್ಕಕ್ಕಿಂತ ದೊಡ್ಡದು.

ಚೌಕದ ಅಂಚಿನ ಮನೆಯೊಂದರ ಬಾಗಿಲಲ್ಲಿ ಮಡಕೆ ಮಾರಾಟಕ್ಕಿದೆ ಎಂಬ ಫಲಕವಿತ್ತು. ಒಳಗಿನ ಕೋಣೆಯಲ್ಲಿ ಒಂದು ಮೇಜು, ಗೋಡೆಗೆ ಶಿಲುಬೆ, ಅದರ ಪಕ್ಕದಲ್ಲಿ ಮೆಕ್ಕೆಜೋಳದ ತೆನೆಗಳ ಗೊಂಚಲು, ಮೊಮ್ಮಕ್ಕಳ ಶಾಲೆಯ ಫೋಟೋಗಳು. ಐವತ್ತರ ಆಸುಪಾಸಿನ ಆ ಮಡಕೆಗಾರ್ತಿ ಮೆರುಗು ಕೊಡುವ ಕೆಲಸದಲ್ಲಿದ್ದರು. ಕೈ ನಿಲ್ಲಿಸುವಂತಿಲ್ಲ, ಕ್ಷಮಿಸಿ ಎಂದು ಮೊದಲೇ ಹೇಳಿದರು. ಇಲ್ಲಿ ತಿಗರಿಯ ಬಳಕೆಯಿಲ್ಲ. ಮಣ್ಣನ್ನು ಬತ್ತಿಯಂತೆ ಹೊಸೆದು, ಸುತ್ತಿನ ಮೇಲೆ ಸುತ್ತು ಏರಿಸಿ, ಗೋಡೆಯನ್ನು ಹೆರೆದು ನಯ ಮಾಡುತ್ತಾರೆ. ಒಣಗಿದ ಮೇಲೆ ಕೆಮ್ಮಣ್ಣಿನ ತೆಳು ಲೇಪ ಹಚ್ಚಿ, ಲೇಪ ಹಸಿಯಾಗಿರುವಾಗಲೇ ನದಿಯ ನುಣುಪು ಕಲ್ಲಿನಿಂದ ಉಜ್ಜಬೇಕು. ಒಂದೇ ಉಸಿರಿಗೆ ಮುಗಿಯಬೇಕಾದ ಕೆಲಸವದು. ನಡುವೆ ಲೇಪ ಒಣಗಿದರೆ ಎಲ್ಲವನ್ನೂ ಉಜ್ಜಿ ತೆಗೆದು ಮತ್ತೆ ಮೊದಲಿನಿಂದ ತೊಡಗಬೇಕು. ಅವರ ಕೈಯಲ್ಲಿದ್ದ ಕಲ್ಲು ಹುಣಸೆಬೀಜದ ಬಣ್ಣದ್ದು, ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಇವರಿಗೆ ಬಂದದ್ದು, ಒಂದು ಬದಿ ಹೆಬ್ಬೆರಳಿನ ಅಚ್ಚಿಗೆ ಸವೆದಿತ್ತು. ಫೋನು ಎರಡು ಸಲ ಬಡಿದುಕೊಂಡಿತು. ಅವರು ಅತ್ತ ನೋಡಲಿಲ್ಲ.

ಮಡಕೆ ಮುಗಿದ ಮೇಲೆ ಸುಡುವ ವಿಧಾನವನ್ನು ವಿವರಿಸಿದರು. ಗಾಳಿಯಿಲ್ಲದ ಬೆಳಗಿನಲ್ಲಿ, ಅಂಗಳದಲ್ಲಿಯೇ, ಸೌದೆ ಮತ್ತು ಒಣ ಸಗಣಿಯ ಬಿಲ್ಲೆಗಳನ್ನು ಜೋಡಿಸಿ ಬೆಂಕಿ ಹಚ್ಚುತ್ತಾರೆ. ನಮ್ಮ ಊರುಗಳ ಕುಳ್ಳಿನ ವಿಚಾರ ಹೇಳಿದಾಗ ಅವರಿಗೆ ಬಹಳ ಸಂತೋಷವಾಗಿ, ಎಷ್ಟು ದಪ್ಪಕ್ಕೆ ತಟ್ಟುತ್ತೀರಿ ಎಂದು ನನ್ನ ಪತ್ನಿಯನ್ನು ವಿಚಾರಿಸಿಕೊಂಡರು. ಬೆಂಕಿ ಹದಕ್ಕೆ ಬಂದಾಗ ಪುಡಿ ಮಾಡಿದ ಕುದುರೆ ಲದ್ದಿಯನ್ನು ಮೇಲೆ ಸುರಿದು ಉಸಿರುಕಟ್ಟಿಸಿದರೆ, ಹೊಗೆಯೊಳಗೆ ಕೆಂಪು ಮಡಕೆ ಕಪ್ಪಾಗುತ್ತದೆ. ಒಳಗೆ ಠಪ್ಪೆಂದು ಸದ್ದಾದರೆ ವಾರಗಳ ದುಡಿಮೆ ಹೋಯಿತೆಂದೇ ಅರ್ಥ. ಅದಕ್ಕೆ ವಿಮೆಯಿಲ್ಲ ಎಂದು ನಾನು ಹೇಳಿದ್ದಕ್ಕೆ ಅವರು ನಗಲಿಲ್ಲ. ಮಣ್ಣು ಅಗೆಯುವ ಮೊದಲು ಮಣ್ಣಿನ ತಾಯಿಗೆ ಮೆಕ್ಕೆಜೋಳದ ಹಿಟ್ಟು ಅರ್ಪಿಸಿ ಅಪ್ಪಣೆ ಬೇಡುತ್ತೇವೆ, ಬೇಕಾದಷ್ಟನ್ನು ಮಾತ್ರ ತರುತ್ತೇವೆ, ಒಡೆದದ್ದು ಅವಳಿಗೆ ಮರಳುತ್ತದೆ ಎಂದರು.

ಆಗಸ್ಟ್ 4, ಕೇವಾ

ಸಾಂತೊ ಡೊಮಿಂಗೊ ಎಂಬ ಸಂತನ ಹೆಸರಿನಿಂದಲೂ ಕರೆಯಲಾಗುವ ಕೇವಾದಲ್ಲಿ ಇಂದು ಆ ಸಂತನ ಹಬ್ಬ ಮತ್ತು ಮೆಕ್ಕೆಜೋಳದ ನೃತ್ಯ. ಕ್ಯಾಮೆರಾ, ಫೋನು, ಚಿತ್ರ ಬರೆಯುವುದು, ಟಿಪ್ಪಣಿ ಮಾಡಿಕೊಳ್ಳುವುದು ಯಾವುದಕ್ಕೂ ಅವಕಾಶವಿಲ್ಲವಾದ್ದರಿಂದ ಎಲ್ಲವನ್ನೂ ಕಾರಿನಲ್ಲಿಟ್ಟು ಹೋದೆವು. ನೆನಪಿನಿಂದ ಬರೆಯಬಹುದಾದದ್ದನ್ನೂ ನಾನು ಇಲ್ಲಿ ಹಿಗ್ಗಿಸಿ ಬರೆಯುವುದಿಲ್ಲ. ಹಸಿರು ಕೊಂಬೆಗಳ ಚಪ್ಪರದಲ್ಲಿ ಸಂತನ ವಿಗ್ರಹವನ್ನು ತಂದು ಕೂರಿಸಿದ್ದರು. ಅದರ ಮುಂದೆ, ಸುಡುವ ಬಿಸಿಲಿನಲ್ಲಿ, ಟರ್ಕಾಯ್ಸ್ ಮತ್ತು ಕುಂಬಳ ಎಂಬ ಎರಡು ಬಣಗಳವರು ಸರದಿಯ ಮೇಲೆ ಸಂಜೆಯವರೆಗೂ ನೂರಾರು ಮಂದಿ ಕುಣಿದರು, ಅವರಲ್ಲಿ ಮುದುಕರೂ ಇದ್ದರು, ಈಗಷ್ಟೇ ಹೆಜ್ಜೆ ಕಲಿತ ಮಕ್ಕಳೂ ಇದ್ದರು. ಹೆಂಗಸರ ಕೊರಳಲ್ಲಿ ಪದರ ಪದರವಾಗಿ ಹೀಶಿ ಮತ್ತು ಟರ್ಕಾಯ್ಸ್ ಸರಗಳು. ಇವು ಅಂಗಡಿಗೆ ಹೋಗದ ಸರಗಳು.

1680ರಲ್ಲಿ ಪೋಪೆ ಎಂಬ ಮುಖಂಡನ ನೇತೃತ್ವದಲ್ಲಿ ಪ್ಯೂಬ್ಲೋಗಳು ಒಂದಾಗಿ ಸ್ಪೇನಿನವರನ್ನು ನಾಡಿನಿಂದ ಓಡಿಸಿದ್ದವು. ಸ್ಪೇನಿನವರು ಪ್ಯೂಬ್ಲೋಗಳ ಪೂಜೆಗಳನ್ನು ನಿಷೇಧಿಸಿ, ಅವರ ಪೂಜಾರಿಗಳನ್ನು ಚಾಟಿಯಿಂದ ಹೊಡೆಸಿದ್ದು ಆ ದಂಗೆಯ ಕಾರಣಗಳಲ್ಲಿ ಒಂದು. 1692ರಲ್ಲಿ ಸ್ಪೇನಿನವರು ಮರಳಿ ಬಂದರು. ಅಂದಿನಿಂದ ಚರ್ಚೂ ಉಳಿದಿದೆ, ಹಳೆಯ ಆಚರಣೆಯೂ ಉಳಿದಿದೆ, ಒಂದೇ ಮನೆಯವರು ಬೆಳಿಗ್ಗೆ ಪೂಜೆಗೆ ಚರ್ಚಿಗೆ ಹೋಗಿ ಆಮೇಲೆ ಚೌಕದಲ್ಲಿ ಕುಣಿಯುತ್ತಾರೆ. ಇದರಲ್ಲಿ ವಿರೋಧವನ್ನು ಹುಡುಕುವವರು ಹೊರಗಿನವರೇ.

ಜಗಲಿಯ ಆಂಟಿಯ ಮನೆಯನ್ನು ಕೇಳಿಕೊಂಡು ಹೋದೆವು. ಹಬ್ಬದ ದಿನ ಬಂದವರಿಗೆಲ್ಲ ಊಟ. ಮೇಜಿನ ಸುತ್ತ ಹತ್ತು ಹನ್ನೆರಡು ಮಂದಿ ಕೂರುತ್ತಾರೆ, ಉಂಡು ಬೇಗ ಎದ್ದು ಮುಂದಿನವರಿಗೆ ಜಾಗ ಬಿಡಬೇಕು, ಬೇಡವೆನ್ನುವುದು ಮನೆಯವರಿಗೆ ಮಾಡುವ ಅವಮಾನ. ಕೆಂಪು ಮೆಣಸಿನಕಾಯಿಯ ಮಾಂಸದ ಸಾರು ನಮಗೆ ಒಗ್ಗದೆಂದು ತಿಳಿದು ಆಂಟಿಯ ಸೊಸೆ ಬೇಯಿಸಿದ ಬೀನ್ಸ್ ಕಾಳು, ಮಣ್ಣಿನ ಗೂಡೊಲೆಯಲ್ಲಿ ಸುಟ್ಟ ರೊಟ್ಟಿ, ಕಲ್ಲಂಗಡಿ ಬಡಿಸಿದರು. ನನ್ನ ಪತ್ನಿ ರೊಟ್ಟಿಯನ್ನು ಎರಡು ಸಲ ಹಾಕಿಸಿಕೊಂಡಳು. ಇಷ್ಟು ಜನರ ಊಟಕ್ಕೆ ಖರ್ಚು ಎಷ್ಟಾಗುತ್ತದೆ ಎಂದು ನಾನು ಮೆಲ್ಲಗೆ ಕೇಳಿದೆ. ಹಳೆಯ ಚಾಳಿ. ಚಳಿಗಾಲದಿಂದಲೂ ಒಂದೊಂದು ಸರದ ದುಡ್ಡಿನಲ್ಲಿ ಸ್ವಲ್ಪ ತೆಗೆದಿಡುತ್ತೇವೆ, ಜೂನಿನಲ್ಲಿ ಹಿಟ್ಟು, ಜುಲೈನಲ್ಲಿ ಮಾಂಸ ಎಂದು ಆಂಟಿ ಉತ್ತರಿಸಿ, ಬಾಗಿಲಲ್ಲಿ ನಿಂತಿದ್ದ ಅಪರಿಚಿತ ಕುಟುಂಬವೊಂದನ್ನು ಒಳಕ್ಕೆ ಕರೆದರು.

ಆಗಸ್ಟ್ 5, ಆಕೊಮಾ

ಅಲ್ಬುಕರ್ಕಿಯಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್. ಬಯಲಿನ ನಡುವೆ ನೂರು ಮೀಟರಿಗಿಂತ ಎತ್ತರಕ್ಕೆ ಎದ್ದಿರುವ ಬಂಡೆಯ ನೆತ್ತಿಯ ಮೇಲೆ ಆಕೊಮಾ ಇದೆ. ಕಡಿಮೆಯೆಂದರೂ ಎಂಟು ನೂರು ವರ್ಷಗಳಿಂದ ಅಲ್ಲಿ ಜನವಸತಿಯಿದೆ. ಮೇಲೆ ಕೊಳಾಯಿ ನೀರಿಲ್ಲ, ವಿದ್ಯುತ್ ಸಂಪರ್ಕವಿಲ್ಲ, ಹೆಚ್ಚಿನವರು ಕೆಳಗಿನ ಹಳ್ಳಿಗಳಲ್ಲಿದ್ದು ಕೆಲವೇ ಮನೆತನಗಳು ವರ್ಷವಿಡೀ ಮೇಲೆ ಉಳಿಯುತ್ತವೆ. ಸಾನ್ ಎಸ್ತೇಬಾನ್ ಚರ್ಚಿನ ಕೆಲಸ 1629ರಲ್ಲಿ ಆರಂಭವಾಯಿತು. ಅದರ ಭಾರಿ ತೊಲೆಗಳನ್ನು ಟೇಲರ್ ಬೆಟ್ಟದಿಂದ ಹೊತ್ತು ತಂದವರು ಈ ಊರಿನವರೇ. ಪ್ರವಾಸಿಗಳು ಮಾರ್ಗದರ್ಶಿಯೊಂದಿಗೆ ಮಾತ್ರ ಹೋಗಬಹುದು.

ಇಲ್ಲಿಯ ಮಡಕೆ ಬಿಳಿ, ಗೋಡೆ ಬಹಳ ತೆಳು. ಹಳೆಯ ಮಡಕೆಗಳ ಚೂರುಗಳನ್ನು ಅರೆದು ಹೊಸ ಮಣ್ಣಿಗೆ ಬೆರೆಸುತ್ತಾರೆ. ಯುಕ್ಕಾ ಗಿಡದ ಎಲೆಯನ್ನು ಜಗಿದು ಮಾಡಿದ ಕುಂಚದಿಂದ ಕೂದಲೆಳೆಯಂಥ ಗೆರೆಗಳನ್ನು ಎಳೆಯುತ್ತಾರೆ. ಮನೆಯ ಮುಂದೆ ಮೇಜು ಹಾಕಿ ಕುಳಿತ ಯುವತಿಯೊಬ್ಬರ ಬಳಿ ಒಂದೇ ಗಾತ್ರದ ಎರಡು ಗಡಿಗೆಗಳಿದ್ದವು, ಒಂದರ ಬೆಲೆ ಇನ್ನೊಂದರ ಹಲವು ಪಟ್ಟು. ಕಡಿಮೆ ಬೆಲೆಯದ್ದು ಅಚ್ಚಿನಲ್ಲಿ ಎರೆದದ್ದು, ಬಣ್ಣ ಮಾತ್ರ ತಮ್ಮದು, ಮತ್ತೊಂದು ಕೈಯಿಂದ ಕಟ್ಟಿದ್ದು ಎಂದು ನಾವು ಕೇಳುವ ಮೊದಲೇ ಹೇಳಿದರು. ಅಚ್ಚಿನದ್ದು ವಾರದ ಪೆಟ್ರೋಲಿಗೆ, ಕೈಯದ್ದು ಮನೆತನದ ಹೆಸರಿಗೆ ಎಂದು ಅವರ ವಿಂಗಡಣೆ. ಅಪ್ಪಟ ಸಂಪ್ರದಾಯವನ್ನು ಬಯಸುವ ಕಲಾರಸಿಕರು ಅಚ್ಚಿನ ಗಡಿಗೆಯನ್ನು ಹಳಿಯುತ್ತಾರೆ. ಅಪ್ಪಟತೆಯ ಖರ್ಚನ್ನು ಅವರು ಕೊಡುವುದಿಲ್ಲವಾದ್ದರಿಂದ ಆ ಹಳಿಕೆಗೆ ನಾನು ಬೆಲೆ ಕೊಡಲಾರೆ. ಸುಳ್ಳು ಹೇಳದೆ ಮಾರಿದರೆ ಅದರಲ್ಲಿ ಕುಂದಿಲ್ಲ.

ಮಾರಲೇಬಾರದ ವಸ್ತುವಿನ ಕಥೆಯನ್ನು ಮಾರ್ಗದರ್ಶಿ ಹೇಳಿದರು. 1970ರ ದಶಕದಲ್ಲಿ ಊರಿನ ಒಂದು ಪವಿತ್ರ ಗುರಾಣಿ ಕಳುವಾಯಿತು. ಅದು ಪ್ಯಾರಿಸ್ಸಿನ ಹರಾಜಿನಲ್ಲಿ ಕಾಣಿಸಿಕೊಂಡು, ಊರಿನವರು ವರ್ಷಗಟ್ಟಲೆ ಹೋರಾಡಿದ ಬಳಿಕ 2019ರ ನವೆಂಬರಿನಲ್ಲಿ ಮರಳಿತು. ಇಂಥ ವಸ್ತುಗಳನ್ನು ಹೊರದೇಶಕ್ಕೆ ಸಾಗಿಸುವುದನ್ನು ತಡೆಯುವ ಕಾನೂನು 2022ರ ಡಿಸೆಂಬರಿನಲ್ಲಿ ಬಂತು. ಅಂಥ ವಸ್ತು ಒಬ್ಬರ ಸೊತ್ತಲ್ಲ, ಇಡೀ ಸಮುದಾಯದ್ದು. ಆದ್ದರಿಂದ ಅದನ್ನು ಮಾರುವ ಹಕ್ಕು ಯಾವ ಒಬ್ಬನಿಗೂ ಇರುವುದಿಲ್ಲ ಎಂದು ಅವರು ವಿವರಿಸಿದ ರೀತಿ, ದೇವಸ್ಥಾನದ ಉತ್ಸವಮೂರ್ತಿಯ ಬಗ್ಗೆ ನಮ್ಮ ಊರಿನ ಹಿರಿಯರು ಆಡುವ ಮಾತಿಗಿಂತ ಬೇರೆಯಾಗಿರಲಿಲ್ಲ.

ಆಗಸ್ಟ್ 6, ಗ್ಯಾಲಪ್ ಮತ್ತು ಝೂನಿ

ಗ್ಯಾಲಪ್ ಮೂಲನಿವಾಸಿ ಆಭರಣಗಳ ಸಗಟು ಪೇಟೆ. ನಾವು ಹೊಕ್ಕ ಒಂದು ಅಂಗಡಿಯಲ್ಲಿ ಕಲ್ಲಿನ ಕರಡಿಗಳ ಬುಟ್ಟಿಯೇ ಇತ್ತು. ಮಾಡಿದವರು ಯಾರೆಂದು ಕೇಳಿದರೆ ಝೂನಿ ಎಂಬ ಪ್ಯೂಬ್ಲೋದ ಶೈಲಿಯದ್ದು ಎಂಬ ಉತ್ತರ ಬಂತು. ಶೈಲಿ ಎಂಬ ಆ ಮಾತಿನ ಮರೆಯಲ್ಲಿ ಏನೆಲ್ಲ ಮಾರಾಟವಾಗುತ್ತದೆ ಎಂಬುದು ಹಳೆಯ ಸಂಗತಿ. ಮೂಲನಿವಾಸಿಗಳು ಮಾಡದ್ದನ್ನು ಅವರದ್ದೆಂದು ಮಾರುವವರಿಗೆ 1990ರ ಕಾನೂನಿನ ಪ್ರಕಾರ ಮೊದಲ ಅಪರಾಧಕ್ಕೇ ಐದು ವರ್ಷಗಳವರೆಗೆ ಸೆರೆ, 2,50,000 ಡಾಲರುಗಳವರೆಗೆ ದಂಡವಿದೆ. ಆದರೂ 2015ರಲ್ಲಿ ಅಧಿಕಾರಿಗಳು ನ್ಯೂ ಮೆಕ್ಸಿಕೋದ ಹಲವು ಕಡೆ ಶೋಧ ನಡೆಸಿ, ಫಿಲಿಪ್ಪೀನ್ಸಿನಲ್ಲಿ ಮಾಡಿಸಿ ತಂದು ಮಾರುತ್ತಿದ್ದ ಆಭರಣಗಳ ಜಾಲವನ್ನು ಬಯಲಿಗೆಳೆದರು.

ಅಲ್ಲಿಂದ ದಕ್ಷಿಣಕ್ಕೆ ಒಂದು ಗಂಟೆಯೊಳಗಿನ ದಾರಿ ಝೂನಿ. ಕೆಂಪು ಪಟ್ಟೆಗಳ ದೊವಾ ಯಲನೆ ಬೆಟ್ಟ ದೂರದಿಂದಲೇ ಕಾಣುತ್ತದೆ, 1680ರ ದಂಗೆಯ ಬಳಿಕ ಊರಿಗೆ ಊರೇ ಅದರ ಮೇಲೆ ಆಶ್ರಯ ಪಡೆದಿತ್ತು. ಹಳೆಯ ಮಿಷನ್ ಚರ್ಚಿನ ಒಳಗೋಡೆಗಳ ಮೇಲೆ ಅಲೆಕ್ಸ್ ಸಿಯೋಟೆವಾ ಎಂಬ ಇಲ್ಲಿಯ ಕಲಾವಿದರು 1970ರಿಂದ ಮಕ್ಕಳೊಂದಿಗೆ ಸೇರಿ ಝೂನಿ ದೇವತೆಗಳ ಆಳೆತ್ತರದ ಚಿತ್ರಗಳನ್ನು ಬರೆದಿದ್ದಾರೆ. ಬಾಗಿಲು ಮುಚ್ಚಿತ್ತು, ಹೊರಗಿನಿಂದ ನೋಡಿ ಮುಂದೆ ನಡೆದೆವು.

ಝೂನಿಯ ಬಹುಪಾಲು ಮನೆಗಳಲ್ಲಿ ಯಾರಾದರೊಬ್ಬರು ಬೆಳ್ಳಿಗೆ ಕಲ್ಲು ಕೂರಿಸುತ್ತಾರೆ, ಇಲ್ಲವೇ ಕಲ್ಲಿನ ಪ್ರಾಣಿಗಳನ್ನು ಕೆತ್ತುತ್ತಾರೆ. ನಾವು ಭೇಟಿಯಾದ ಕೆತ್ತನೆಗಾರರು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಮುಖಕ್ಕೆ ಧೂಳಿನ ಮುಸುಕು ಹಾಕಿಕೊಂಡು ಕೂತಿದ್ದರು. ಕಲ್ಲಿನ ಧೂಳು ಶ್ವಾಸಕೋಶವನ್ನು ತಿನ್ನುತ್ತದೆ, ಅವರ ತಂದೆಯವರು ಮುಸುಕಿಲ್ಲದೆ ದುಡಿದವರು. ಹಸಿರು ಸರ್ಪೆಂಟೈನ್ ಕಲ್ಲಿನ ತುಂಡೊಂದನ್ನು ತಿರುಗುವ ಚಕ್ರಕ್ಕೆ ಹಿಡಿದರು. ಮೊದಲು ಬೆನ್ನಿನ ಗೂನು ಬಂತು, ಆಮೇಲೆ ಸಣ್ಣ ಮೊನೆಯಿಂದ ನಾಲ್ಕು ಕಾಲುಗಳ ನಡುವಿನ ಸಂದು, ಕೊನೆಗೆ ಕಣ್ಣಿನ ಜಾಗಕ್ಕೆ ಎರಡು ಗುಳಿ ತೋಡಿ ಟರ್ಕಾಯ್ಸ್ ಚುಕ್ಕೆಗಳನ್ನು ಕೂರಿಸಿದರು. ಝೂನಿಗಳ ನಂಬಿಕೆಯಲ್ಲಿ ಈ ಪ್ರಾಣಿಗಳು ಒಂದೊಂದು ದಿಕ್ಕನ್ನು ಕಾಯುವ ಪವಿತ್ರ ಜೀವಿಗಳು. ಉತ್ತರಕ್ಕೆ ಬೆಟ್ಟದ ಸಿಂಹ ಎನ್ನುವ ಪ್ಯೂಮಾ, ಪಶ್ಚಿಮಕ್ಕೆ ಕರಡಿ, ದಕ್ಷಿಣಕ್ಕೆ ಬಿಲ ತೋಡುವ ಬ್ಯಾಜರ್, ಪೂರ್ವಕ್ಕೆ ತೋಳ, ಮೇಲಕ್ಕೆ ಹದ್ದು, ಕೆಳಕ್ಕೆ ಮಣ್ಣೊಳಗಿನ ಮೋಲ್ ಎಂಬ ಇಲಿಯಂಥ ಪ್ರಾಣಿ.

ದೇವರ ಸಂಗತಿಯನ್ನು ಹೀಗೆ ಮಾರಬಹುದೇ ಎಂಬ ಪ್ರಶ್ನೆ ನನ್ನ ಬಾಯಿಗೆ ಬಂದು ನಿಂತಿತ್ತು. ಅದನ್ನು ಅವರೇ ಎತ್ತಿಕೊಂಡರು. ಮಾರಾಟಕ್ಕೆ ಮಾಡಿದ್ದು ಬರಿಯ ಕೆತ್ತನೆ, ವಿಧಿಪೂರ್ವಕವಾಗಿ ಹರಸಿದ್ದು ಮಾತ್ರ ಪೂಜೆಯದ್ದು, ಅದು ಮನೆಯಿಂದ ಹೊರಗೆ ಹೋಗದು ಎಂದರು. ಬೆಟ್ಟದ ಬಯಲು ಗುಡಿಗಳಲ್ಲಿ ಇಡುವ ಮರದ ಯುದ್ಧದೇವತೆಗಳು ಬಿಸಿಲು ಮಳೆಗೆ ಸವೆದು ಮಣ್ಣಾಗಬೇಕೆಂಬುದೇ ನಿಯಮ. ಅವುಗಳನ್ನು ಕದ್ದೊಯ್ದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ ವಸ್ತುಸಂಗ್ರಹಾಲಯಗಳಿಂದ ಝೂನಿಗಳು 1978ರಿಂದ ಒಂದೊಂದಾಗಿ ಮರಳಿ ಪಡೆದು, ಸಂರಕ್ಷಣೆಯ ಯಾವ ರಾಸಾಯನಿಕವನ್ನೂ ಹಚ್ಚದೆ ಮತ್ತೆ ಬಯಲಿಗೇ ಇಟ್ಟಿದ್ದಾರೆ. ನಾನು ಕೊಪ್ಪಳ ಸೀಮೆಯ ಕಿನ್ನಾಳದ ಚಿತ್ರಗಾರರ ವಿಷಯ ಹೇಳಿದೆ. ಅವರು ಹಗುರ ಮರದಲ್ಲಿ ಗೊಂಬೆಗಳನ್ನೂ ಮಾಡುತ್ತಾರೆ, ಗ್ರಾಮದೇವತೆಯ ಮೂರ್ತಿಗಳನ್ನೂ ಮಾಡುತ್ತಾರೆ, ಮಣ್ಣಿನ ಗಣಪ ಪೇಟೆಯಲ್ಲಿರುವಾಗ ಅದಕ್ಕೆ ಚೌಕಾಸಿ ನಡೆಯುತ್ತದೆ, ಪ್ರಾಣಪ್ರತಿಷ್ಠೆಯಾದ ಮೇಲೆ ಅದಕ್ಕೆ ಬೆಲೆ ಕಟ್ಟುವವರಿಲ್ಲ, ಕಡೆಗೆ ನೀರಿಗೆ ಬಿಡುತ್ತೇವೆ ಎಂದೆ.

“ಪೇಟೆಯಲ್ಲಿ ಮಾರಿದ ದುಡ್ಡಿನಲ್ಲಿ ಮಾಡಿದವನಿಗೆ ಎಷ್ಟು ಸಿಗುತ್ತದೆ?” ಎಂದು ಅವರು ಕೇಳಿದರು.

ನಮ್ಮ ಮಳಿಗೆಯಲ್ಲಿ ಅರ್ಧಕ್ಕಿಂತ ಕಡಿಮೆಯೇ ಸಿಗುತ್ತಿತ್ತು ಎಂದು ಉತ್ತರಿಸಿದೆ. ಅವರು ಮುಸುಕನ್ನು ಗಲ್ಲಕ್ಕೆ ಇಳಿಸಿಕೊಂಡು ನಕ್ಕರು. ಗ್ಯಾಲಪ್ಪಿನಲ್ಲೂ ಅಷ್ಟೇ, ನೇರವಾಗಿ ಕೊಳ್ಳುವವರು ಬಂದರೆ ಪೂರ್ತಿ ಬೆಲೆ, ಬಾರದಿದ್ದರೆ ಸಗಟಿನವನ ಬೆಲೆ ಎಂದರು. ಚಳಿಗಾಲದ ಶಲಾಕೊ ಹಬ್ಬಕ್ಕೆ ಈ ಸಲ ಅವರ ಅಣ್ಣನ ಮನೆಯಲ್ಲಿ ದೇವತೆಗಳನ್ನು ಬರಮಾಡಿಕೊಳ್ಳುವ ಸರದಿ. ಅದಕ್ಕಾಗಿ ಮನೆಗೆ ಹೊಸ ಕೋಣೆ ಕಟ್ಟಿಸುತ್ತಿದ್ದಾರೆ, ಸಿಮೆಂಟಿನ ಪಾಲು ಇವರದ್ದು. ನಾವು ಒಂದು ಕರಡಿ, ಒಂದು ಮೋಲ್ ಕೊಂಡೆವು. ಅವರು ಹೊಟ್ಟೆಯ ಕೆಳಗೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ಕೊರೆದು, ಕಲ್ಲಿನ ಹೆಸರು ಬರೆದ ಚೀಟಿಯೊಂದಿಗೆ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ಉಳಿದ ಮೂರು ಕರಡಿಗಳನ್ನು ಯಾರಿಗೆ ಇಟ್ಟಿದ್ದೀರಿ ಎಂದು ಮಗಳು ಕೇಳಿದಾಗ, ಮುಂದಿನ ವಾರ ಶಾಲೆ ಆರಂಭವಾಗುತ್ತದೆ, ಮೊಮ್ಮಗನಿಗೆ ಬೂಟು ಬೇಕು, ಆದ್ದರಿಂದ ಅವು ನಾಳೆ ಬೆಳಿಗ್ಗೆಯೇ ಗ್ಯಾಲಪ್ಪಿಗೆ ಹೋಗುತ್ತವೆ ಎಂದರು.